ಲೇಸರ್ ಆದ ಮೇಲೂ ಕಣ್ಣಲ್ಲಿ ಮಿಂಚು ಬರ್ತಿದೆ, ಯಾಕೆ?

ಹೊಲಿಗೆಮನೆ (ತುಮಕೂರು):
ನನಗೆ 52 ವರ್ಷ. ಬ್ಲೌಸ್ ಹೊಲಿಯುವ ಕೆಲಸ. ಹೈಸ್ಕೂಲಿನಿಂದ ಕನ್ನಡಕ, ಈಗ ಮೈನಸ್ 9. ಹೋದ ವಾರ ರಾತ್ರಿ ಲೈಟ್ ಆರಿಸಿದ ಮೇಲೆ ಬಲಗಣ್ಣಿನ ಅಂಚಿನಲ್ಲಿ ಮಿಂಚು ಕಂಡಿತು. ಬೆಳಿಗ್ಗೆ ಬಿಳಿ ಲೈನಿಂಗ್ ಬಟ್ಟೆ ಹರಡಿದರೆ ತುಂಬಾ ಕಪ್ಪು ಚುಕ್ಕಿ. ಕೊಡವಿದರೂ ಹೋಗಲಿಲ್ಲ, ಕಣ್ಣು ತಿರುಗಿಸಿದ ಕಡೆಗೇ ಬಂದವು. ನೋವು ಒಂಚೂರೂ ಇರಲಿಲ್ಲ. ಅವತ್ತೇ ಡಾಕ್ಟರಿಗೆ ತೋರಿಸಿದೆ. ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ) ಹರಿದಿದೆ ಎಂದು ಲೇಸರ್ ಮಾಡಿದರು. ಆದರೂ ಕತ್ತಲಲ್ಲಿ ಆಗಾಗ ಮಿಂಚು ಬರ್ತಿದೆ. ಲೇಸರ್ ಹಿಡಿದಿಲ್ವಾ? ಮಗಳಿಗೂ ಮೈನಸ್ 7 ಇದೆ. ಕನ್ನಡಕ ಬಿಡಿಸುವ ಲಾಸಿಕ್ ಆಪರೇಷನ್ ಮಾಡಿಸಿದರೆ ಅವಳಿಗೆ ಈ ಭಯ ತಪ್ಪುತ್ತಾ?

ಕಣ್ಣಾಸ್ಪತ್ರೆ ಸಿಸ್ಟರ್ (ಹುಬ್ಬಳ್ಳಿ):
ಅಕ್ಕಾ, ಅವತ್ತೇ ಹೋಗಿದ್ದು ತುಂಬಾ ಒಳ್ಳೆಯದಾಯ್ತು. ಕಣ್ಣಿನೊಳಗೆ ಲೋಳೆಯಂಥ ಜೆಲ್ ಇರುತ್ತದೆ. ವಯಸ್ಸಾದಂತೆ ಅದು ಕುಗ್ಗಿ ರೆಟಿನಾ ಬಿಟ್ಟು ಬರುತ್ತದೆ. ಮೈನಸ್ ಜಾಸ್ತಿ ಇದ್ದವರಿಗೆ ಸ್ವಲ್ಪ ಬೇಗ. ಬಿಡುವಾಗ ಜಗ್ಗಿದರೆ ಮಿಂಚು, ಜೋರಾಗಿ ಜಗ್ಗಿದರೆ ರೆಟಿನಾ ಹರಿಯುತ್ತದೆ. ಆ ತೂತಿನಿಂದ ನೀರು ರೆಟಿನಾ ಹಿಂದೆ ನುಗ್ಗಿದರೆ ರೆಟಿನಾವೇ ಕಳಚಿಕೊಳ್ಳುತ್ತದೆ. ಲೇಸರ್ ಹರಿದ ಜಾಗದ ಸುತ್ತ ಬೆಸುಗೆ ಹಾಕುತ್ತದೆ ಅಷ್ಟೇ, ಜೆಲ್ ಜಗ್ಗುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಕೆಲವು ವಾರ ಮಿಂಚು ಇರಬಹುದು. ಬೆಸುಗೆ ಗಟ್ಟಿಯಾಗಲು 10–14 ದಿನ ಬೇಕು. ಇನ್ನೊಂದು ಕಡೆ ಹರಿಯುವ ಸಾಧ್ಯತೆಯೂ ಇದೆ, ಅದಕ್ಕೇ ಮರುತಪಾಸಣೆ ತಪ್ಪಿಸಬೇಡಿ. ಎಡಗಣ್ಣನ್ನೂ ನೋಡಿಸಿ.

ಲಾಸಿಕ್ ಕಣ್ಣಿನ ಮುಂಭಾಗವನ್ನು ಮಾತ್ರ ಸರಿಪಡಿಸುತ್ತದೆ. ಮೈನಸ್ ಜಾಸ್ತಿ ಇದ್ದವರ ಉದ್ದವಾದ ಕಣ್ಣು, ತೆಳ್ಳಗಾದ ರೆಟಿನಾ ಹಾಗೇ ಇರುತ್ತವೆ. ಕನ್ನಡಕ ಹೋದರೂ ಭಯ ಹೋಗಲ್ಲ. ಮೊದಲು ಮಗಳಿಗೂ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿಸಿ ರೆಟಿನಾ ನೋಡಿಸಿ.

ಮಲೆನಾಡಿಗ (ಸಾಗರ):
ನನಗೆ ರೆಟಿನಾ ಹರಿದಾಗ ಗೊತ್ತಾಗಲಿಲ್ಲ. ಕೆಳಗಿನಿಂದ ಕಪ್ಪು ಪರದೆ ಏರಿಬಂದಂತೆ ಕಂಡಾಗ ಆಸ್ಪತ್ರೆ ಸೇರಿದೆ. ಮ್ಯಾಕುಲಾ (ನೇರ ನೋಟ ಕೊಡುವ ರೆಟಿನಾದ ನಡುಭಾಗ) ಇನ್ನೂ ಕಳಚಿಲ್ಲ ಎಂದು ತಡಮಾಡದೆ ಆಪರೇಷನ್ ಮಾಡಿದರು. ರೆಟಿನಾವನ್ನು ಒತ್ತಿ ಹಿಡಿಯಲು ಕಣ್ಣಿಗೆ ಗ್ಯಾಸ್ ತುಂಬಿಸಿದ್ದರು. ಊಟ, ಸ್ನಾನ ಬಿಟ್ಟರೆ ಮುಖ ಕೆಳಗೆ ಹಾಕಿಯೇ ಇರಬೇಕಿತ್ತು. ಕತ್ತು, ಬೆನ್ನು ಸೋತುಹೋಗುತ್ತದೆ. ಗ್ಯಾಸ್ ಕರಗುವವರೆಗೆ ವಿಮಾನ ಹತ್ತುವಂತಿಲ್ಲ, ಮೇಲೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಈಗ ಪೇಪರ್ ಓದುತ್ತೇನೆ. ನೀವು ಲೇಸರಿನಲ್ಲೇ ಪಾರಾಗಿದ್ದೀರಿ, ಸಂತೋಷ.

ಹೊಲಿಗೆಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗ್ತೀನಿ. ಸಿಸ್ಟರ್, ಮೆಷಿನ್ ಮೇಲೆ ಕೂರಬಹುದಾ? ಹಬ್ಬದ ಬಟ್ಟೆ ರಾಶಿ ಬಿದ್ದಿದೆ.

ಕಣ್ಣಾಸ್ಪತ್ರೆ ಸಿಸ್ಟರ್:
ಹೊಲಿಗೆಯಿಂದ, ಓದಿನಿಂದ ರೆಟಿನಾ ಹರಿಯಲ್ಲ ಅಕ್ಕಾ. ಆದರೂ ಭಾರ ಎತ್ತುವುದು, ಕೆಲಸಕ್ಕೆ ಕೂರುವುದು ಯಾವಾಗಿಂದ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ದಿನಾ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ಚುಕ್ಕಿ ಇದ್ದಕ್ಕಿದ್ದಂತೆ ಜಾಸ್ತಿ ಆದರೆ, ಮಿಂಚು ಹೆಚ್ಚಿದರೆ, ಯಾವುದೇ ಬದಿಯಿಂದ ನೆರಳು ಬಂದರೆ ಮರುತಪಾಸಣೆ ದಿನಕ್ಕೆ ಕಾಯಬೇಡಿ. ಹಬ್ಬವಾದರೂ ಸರಿ, ಅವತ್ತೇ ಹೊರಡಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜಾಗಿ ಕಾಣುತ್ತದೆ, ಸ್ಕೂಟರ್ ತೆಗೆದುಕೊಂಡು ಹೋಗಬೇಡಿ.