ತೂಬು ಎತ್ತುವುದಕ್ಕೆ ಸರ್ವಾನುಮತ

ನಮ್ಮೂರ ಕೆರೆ ಬಳಕೆದಾರರ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿ ಹಲವು ವರ್ಷಗಳಾದವು. ನಡಾವಳಿ ಪುಸ್ತಕ ಬರೆದು ಬರೆದು ಕೈ ಎಷ್ಟು ಕೆಟ್ಟಿದೆಯೆಂದರೆ, ಗೆಳೆಯರು ಹೋಟೆಲಿನಲ್ಲಿ ಕುಳಿತು ಆಡಿದ ಹರಟೆಯನ್ನು ಬರೆಯಲು ಹೊರಟರೂ ಅದು ‘ಸಭೆಯು ದೀರ್ಘವಾಗಿ ಚರ್ಚಿಸಿ’ ಎಂಬ ಧಾಟಿಗೇ ಹೋಗಿ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಗೌಡರಾಗಲಿ ಶಾನುಭೋಗರಾಗಲಿ ಗ್ರಂಥಸ್ಥ ಭಾಷೆಯಲ್ಲಿ ಮಾತನಾಡಿದರೆ ಅದು ಅವರ ತಪ್ಪಲ್ಲ. ಅವರ ಮೂಲ ಮಾತುಗಳಲ್ಲಿ ಕೆಲವು ಬರೆಯುವಂಥವೂ ಅಲ್ಲ.

ಅಂದು ಭಟ್ಟರ ಹೋಟೆಲಿನಲ್ಲಿ ಕುಳಿತಿದ್ದವರು ನಾಲ್ವರು: ಏರಿಯ ಬುಡದಲ್ಲಿಯೇ ಗದ್ದೆಯಿರುವ ಶಾನುಭೋಗರು, ಕೆರೆಯ ನೀರು ಉಣ್ಣುವ ಭೂಮಿಯ, ಅಂದರೆ ಅಚ್ಚುಕಟ್ಟಿನ, ತೀರ ಕೊನೆಯಲ್ಲಿ ಗದ್ದೆಯಿರುವ ಗೌಡರು, ಗದ್ದೆಯೇ ಇಲ್ಲದಿದ್ದರೂ ಎಲ್ಲದರ ಬಗ್ಗೆಯೂ ಅಭಿಪ್ರಾಯವಿರುವ ನಿವೃತ್ತ ಮೇಷ್ಟ್ರು, ಮತ್ತು ನಾನು. ಕೆರೆಯ ನೀರನ್ನು ಗದ್ದೆಗೆ ಬಿಡುವ ತೂಬನ್ನು ಯಾವಾಗ ಎತ್ತಬೇಕೆಂದು ತೀರ್ಮಾನಿಸಲು ಕರೆದಿದ್ದ ಸಭೆ ಕೋರಂ ಇಲ್ಲದೆ ಮೂರನೆಯ ಸಲ ಮುಂದಕ್ಕೆ ಹೋಗಿತ್ತು. ಸಭೆಗೆ ಬಾರದವರೆಲ್ಲರೂ ಹೋಟೆಲಿಗೆ ಬಂದಿದ್ದರೆಂಬುದನ್ನು ಭಟ್ಟರು ಗಲ್ಲಾದ ಮೇಲಿಂದಲೇ ಗಮನಿಸಿ ಹೇಳಿದರು.

“ಮೊದಲಾದರೆ ಈ ತಾಪತ್ರಯವಿರಲಿಲ್ಲ. ನೀರುಗಂಟಿ ಎತ್ತುತ್ತಿದ್ದ, ನೀರು ಬರುತ್ತಿತ್ತು. ಈಗ ಠರಾವು ಬರುತ್ತದೆ, ನೀರು ಬರುವುದಿಲ್ಲ,” ಎಂದರು ಗೌಡರು.

“ನಿಮ್ಮ ಗದ್ದೆಗೆ ಆಗಲೂ ಬರುತ್ತಿರಲಿಲ್ಲ, ಗೌಡರೇ. ಆಗ ಬೈಯುವುದಕ್ಕೆ ಒಬ್ಬನೇ ಸಿಗುತ್ತಿದ್ದ, ಈಗ ಇಡೀ ಸಮಿತಿಯೇ ಇದೆ. ಅದು ಪ್ರಗತಿಯಲ್ಲವೇ?” ಎಂದರು ಶಾನುಭೋಗರು.

ಈ ಸಮಿತಿಯ ಹುಟ್ಟನ್ನು ಸ್ವಲ್ಪ ಹೇಳಬೇಕು. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. 40 ಹೆಕ್ಟೇರಿನವರೆಗೆ ಅಚ್ಚುಕಟ್ಟುಳ್ಳವು ಪಂಚಾಯತಿಗಳ ಕಡೆಗೆ, ಅದಕ್ಕಿಂತ ಮೇಲೆ 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಗೆ ಎಂಬುದು ಪಾಲುಪಟ್ಟಿ. ಹೂಳು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. 2002ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನೊಂದಿಗೆ ಜಲ ಸಂವರ್ಧನೆ ಯೋಜನಾ ಸಂಘವು ಕೆರೆಗಳ ಪುನಶ್ಚೇತನಕ್ಕೆ ಇಳಿದಾಗ, ಊರವರೇ ಸಂಘ ಕಟ್ಟಿಕೊಂಡು ತಮ್ಮ ಕೆರೆಯನ್ನು ತಾವೇ ನೋಡಿಕೊಳ್ಳಬೇಕೆಂಬ ಮಾತು ರಾಜ್ಯದಲ್ಲೆಲ್ಲ ಚಾಲ್ತಿಗೆ ಬಂದಿತು. ಆ ಗಾಳಿ ನಮ್ಮೂರಿಗೂ ಬೀಸಿತು. ಸರಕಾರ, ಸೇವಾಸಂಸ್ಥೆ, ಊರವರು ಮೂವರೂ ಸಮಪಾಲುದಾರರೆಂದು ಬ್ಯಾನರು ಕಟ್ಟಿದರು. ಬ್ಯಾನರು ಕಟ್ಟಿದ ಹಗ್ಗ ಗೌಡರ ಎತ್ತಿನದು. ಅವರ ದೃಷ್ಟಿಯಲ್ಲಿ ಊರವರ ವಂತಿಕೆ ಅಲ್ಲಿಂದಲೇ ಆರಂಭವಾಯಿತು.

“ನಕ್ಷೆ ಬರೆದ ದಿನ ನೆನಪಿದೆಯೇ?” ಎಂದು ಮೇಷ್ಟ್ರು ಕೇಳಿದರು.

ಅದನ್ನು ಮರೆಯುವುದುಂಟೇ? ಸಹಭಾಗಿತ್ವ ಸಮೀಕ್ಷೆಗೆ ಬಂದಿದ್ದವರು ದೇವಸ್ಥಾನದ ಅಂಗಳವನ್ನು ಗುಡಿಸಿ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆಯನ್ನು ಊರವರಿಂದಲೇ ಬರೆಸಿದರು. ನೀಲಿ ಪುಡಿಯಲ್ಲಿ ಕೆರೆ, ಹಸಿರಿನಲ್ಲಿ ಅಚ್ಚುಕಟ್ಟು, ಕೆಮ್ಮಣ್ಣಿನಲ್ಲಿ ಏರಿ, ಹುಣಸೆಬೀಜವಿಟ್ಟು ಮನೆಗಳು. ಎಲ್ಲರೂ ಕುಕ್ಕರಗಾಲಿನಲ್ಲಿ ಕುಳಿತು ತಮ್ಮ ತಮ್ಮ ಮನೆಯ ಬೀಜವನ್ನು ರಸ್ತೆಗೆ ಇನ್ನಷ್ಟು ಹತ್ತಿರಕ್ಕೆ ಸರಿಸುತ್ತಿದ್ದಾಗ, ಎಲ್ಲಿಂದಲೋ ಬಂದ ಒಂದು ಆಡು ನಕ್ಷೆಯ ಮೇಲೆ ಉದ್ದಕ್ಕೂ ನಡೆದು, ಕೆರೆಗೆ ನೀರು ತರುವ ಕಾಲುವೆಯನ್ನು ಸಂಪೂರ್ಣವಾಗಿ ಅಳಿಸಿಹಾಕಿತು. ಎಲ್ಲರೂ ಅದನ್ನು ಅಟ್ಟಲು ಎದ್ದರು. ಆದರೆ ಅದು ನಕ್ಷೆಯಲ್ಲಿ ಅಳಿಸಿದ್ದ ಕಾಲುವೆಯನ್ನು ನೆಲದ ಮೇಲೆ ನಮ್ಮ ಸದಸ್ಯರೊಬ್ಬರು ಮೊದಲೇ ಉತ್ತು ಅಡಿಕೆ ಸಸಿ ನೆಟ್ಟಿದ್ದರಿಂದ, ಆಡಿನ ನಕ್ಷೆಯೇ ಹೆಚ್ಚು ನಿಖರವಾಗಿತ್ತು. ಈ ಮಾತನ್ನು ಅಂದು ಯಾರೂ ಎತ್ತಲಿಲ್ಲ, ಏಕೆಂದರೆ ಆ ಸದಸ್ಯರೇ ಅಂದಿನ ಉಪ್ಪಿಟ್ಟಿನ ಖರ್ಚು ವಹಿಸಿಕೊಂಡಿದ್ದರು.

ಹೂಳೆತ್ತುವ ಹೊತ್ತಿಗೆ ಸಹಭಾಗಿತ್ವ ಉತ್ತುಂಗಕ್ಕೆ ಏರಿತು. ಕೆರೆಯಿಂದ ಎತ್ತಿದ ಗೋಡುಮಣ್ಣು ಫಲವತ್ತಾದದ್ದು, ಅವರವರ ಖರ್ಚಿನಲ್ಲಿ ಗದ್ದೆಗೆ ಸಾಗಿಸಿಕೊಳ್ಳಬೇಕು ಎಂದು ಠರಾವಾಯಿತು. ಟ್ರ್ಯಾಕ್ಟರ್ ಇದ್ದವರು ಸಾಗಿಸಿಕೊಂಡರು, ಇಲ್ಲದವರು ಅನುಮೋದಿಸಿದರು.

“ಮೇಷ್ಟ್ರೇ, ಇದನ್ನೆಲ್ಲ ಸರಿಯಾಗಿ ನಡೆಸುವ ಉಪಾಯ ನಿಮ್ಮ ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲವೇ?” ಎಂದು ಭಟ್ಟರು ಕೇಳಿದರು. ಕೇಳಬಾರದಿತ್ತು.

ಮೇಷ್ಟ್ರು ಲೋಟವನ್ನು ಕೆಳಗಿಟ್ಟರು. “ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಯದು. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಅದರಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ, ಚೌಳು ಮಣ್ಣು ಒಂದು ದೋಷ, ನೀರು ಕಡಿಮೆಯಿದ್ದು ಉಣಿಸಬೇಕಾದ ಭೂಮಿ ಹೆಚ್ಚಿರುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ.”

“ಅಂದರೆ ನಾನೂ ಶಾನುಭೋಗರೂ ಎರಡು ರಾಜ್ಯಗಳೆಂದಾಯಿತು,” ಎಂದರು ಗೌಡರು.

“ಸಮಿತಿಯ ಮಾತೇನಾದರೂ ಇದೆಯೇ?” ಎಂದು ನಾನು ಕೇಳಿದೆ.

“ಇಲ್ಲ. ಹನ್ನೆರಡು ಅಂಗಗಳಲ್ಲಿ ಮೊದಲನೆಯದು ಧರ್ಮಿಷ್ಠನಾದ ಅರಸ, ಎರಡನೆಯದು ಜಲಶಾಸ್ತ್ರ ಬಲ್ಲ ಬ್ರಾಹ್ಮಣ. ಕಾರ್ಯದರ್ಶಿ ಎಲ್ಲಿಯೂ ಇಲ್ಲ.”

ಇದನ್ನು ನಾನು ವೈಯಕ್ತಿಕವಾಗಿ ತೆಗೆದುಕೊಳ್ಳಲಿಲ್ಲ. ಜಲಶಾಸ್ತ್ರ ಬಲ್ಲವರೆಂದು ತಮ್ಮನ್ನೇ ಸೂಚಿಸಿದರೆಂದು ತಿಳಿದು ಶಾನುಭೋಗರು ಮಾತ್ರ ಇನ್ನೊಂದು ಸುತ್ತು ಕಾಫಿ ಹೇಳಿದರು.

ಆ ಕಾಫಿಯ ಬಲದ ಮೇಲೆ ಮೇಷ್ಟ್ರು ಸಮುದ್ರ ದಾಟಿ ಸಿಂಹಳಕ್ಕೆ ಹೋದರು. ಅಲ್ಲಿ ನೀರು ಸಾಲದ ವರ್ಷ ಬೆತ್ಮ ಎಂಬ ಪದ್ಧತಿಯಿದೆಯಂತೆ: ಇಡೀ ಅಚ್ಚುಕಟ್ಟಿಗೆ ನೀರು ಹರಿಸುವ ಬದಲು ಕೆರೆಗೆ ಹತ್ತಿರವಿರುವ ಒಂದು ಭಾಗವನ್ನು ಮಾತ್ರ ಬೆಳೆಯುವುದು, ಆ ಭಾಗವನ್ನು ಕೊನೆಗದ್ದೆಯವರೂ ಸೇರಿದಂತೆ ಎಲ್ಲ ಹಿಡುವಳಿದಾರರಿಗೂ ಆ ಬೆಳೆಯ ಮಟ್ಟಿಗೆ ಹಂಚುವುದು.

ಹೋಟೆಲಿನಲ್ಲಿ ಸ್ವಲ್ಪ ಹೊತ್ತು ಮೌನ ಆವರಿಸಿತು. ಗೌಡರ ಮುಖದಲ್ಲಿ ಸಿಂಹಳದ ಮೇಲೆ ಅಪಾರ ಗೌರವ ಮೂಡಿತು. ಶಾನುಭೋಗರು, “ಅಂದರೆ ನನ್ನ ಗದ್ದೆಯಲ್ಲಿ ಇವರು ನಾಟಿ ಹಾಕುವುದೇ?” ಎಂದು ಕೇಳಿ, ಕಾಫಿಯ ಹಣವನ್ನು ಅವರವರೇ ಕೊಡಬೇಕೆಂದರು. ನಾನು ಎಷ್ಟೋ ಸಭೆಗಳನ್ನು ನೋಡಿದ್ದೇನೆ. ತೀರ್ಮಾನವನ್ನು ಹಂಚಿಕೊಳ್ಳಲು ನಮ್ಮಲ್ಲಿ ಎಲ್ಲರೂ ಸಿದ್ಧ. ಒಣ ವರ್ಷವನ್ನು ಹಂಚಿಕೊಳ್ಳುವ ಮಾತು ಬಂದಾಗ ಮಾತ್ರ ಕೋರಂ ತಪ್ಪುತ್ತದೆ.

ಅಷ್ಟರಲ್ಲಿ ನೀರುಗಂಟಿ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು ಒಂದು ಚಹಾ ಹೇಳಿದನು. ಅವನ ಕಾಲು ಮೊಣಕಾಲಿನವರೆಗೆ ಒದ್ದೆಯಾಗಿತ್ತು.

“ಏನಯ್ಯಾ, ತೂಬು ಎತ್ತಿದೆಯಾ?” ಎಂದರು ಶಾನುಭೋಗರು.

“ನಿನ್ನೆ ಬೆಳಗಿನ ಜಾವವೇ ಎತ್ತಿದೆ, ಬುದ್ಧಿ. ಮೊದಲು ಕೊನೆಗದ್ದೆಗೆ ಮುಟ್ಟಿಸಿ, ಈಗ ಮೇಲಕ್ಕೆ ಬರುತ್ತಿದ್ದೇನೆ.”

“ಯಾರನ್ನು ಕೇಳಿ ಎತ್ತಿದೆ?”

“ಸೋಪಾನದಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕಂದಿರನ್ನು ಕೇಳಿದೆ. ಕೆಳಗಿನ ಮೂರು ಮೆಟ್ಟಿಲು ಮುಳುಗುವಷ್ಟು ನೀರು ಬಿಟ್ಟರೆ ಯುಗಾದಿಯವರೆಗೆ ದನಕ್ಕೂ ಬಟ್ಟೆಗೂ ಸಾಕು, ಉಳಿದದ್ದನ್ನು ಬಿಡು ಎಂದರು. ಮೂರನೆಯ ಮೆಟ್ಟಿಲಿಗೆ ಸುಣ್ಣದಲ್ಲಿ ಗೆರೆ ಹಾಕಿದ್ದೇನೆ.”

ಆ ಅಕ್ಕಂದಿರಲ್ಲಿ ಮೂವರು ನಮ್ಮ ಸಮಿತಿಯ ಸದಸ್ಯೆಯರು. ಬೈಲಾ ಪ್ರಕಾರ ಅವರ ಹೆಸರಿನ ಕುರ್ಚಿಗಳಲ್ಲಿ ಇಷ್ಟು ವರ್ಷವೂ ಅವರ ಗಂಡಂದಿರು ಕುಳಿತು, ಅವರ ಪರವಾಗಿ ಗೋಡಂಬಿ ಬಿಸ್ಕತ್ತು ತಿಂದು, ಅವರ ಪರವಾಗಿ ಸಹಿ ಹಾಕಿದ್ದರು. ಶಾನುಭೋಗರ ಮನೆಯವರೂ ಆ ಮೂವರಲ್ಲಿ ಒಬ್ಬರಾಗಿದ್ದುದರಿಂದ ಶಾನುಭೋಗರು ವಿಷಯವನ್ನು ಅಲ್ಲಿಗೇ ಬಿಟ್ಟರು.

ಬಿಡದವರು ಗೌಡರು.

“ಕಾರ್ಯದರ್ಶಿಗಳೇ, ನನ್ನ ಆಕ್ಷೇಪವನ್ನು ದಾಖಲಿಸಿರಿ.”

“ನಿಮ್ಮ ಗದ್ದೆಗೇ ಮೊದಲು ನೀರು ಬಂದಿದೆಯಲ್ಲ, ಗೌಡರೇ?”

“ನೀರು ಬಂದದ್ದಕ್ಕೆ ನನ್ನ ಆಕ್ಷೇಪವಿಲ್ಲ. ನನ್ನನ್ನು ಕೇಳದೆ ಬಂದದ್ದಕ್ಕೆ ಇದೆ.”

ನಾನು ನಡಾವಳಿ ಪುಸ್ತಕ ತೆರೆದು, ಹಿಂದಿನ ದಿನದ ದಿನಾಂಕ ಹಾಕಿ, ಸಭೆಯು ದೀರ್ಘವಾಗಿ ಚರ್ಚಿಸಿ ತೂಬು ಎತ್ತಲು ತೀರ್ಮಾನಿಸಿತೆಂದು ಬರೆದೆ. ‘ಸರ್ವಾನುಮತದಿಂದ’ ಎಂಬ ಪದ ರೂಢಿಯಂತೆ ಮೊದಲೇ ಬಂದುಬಿಟ್ಟಿತ್ತು. ಅದರ ಮುಂದೆ ‘ಗೌಡರ ಹೊರತು’ ಎಂದು ಸೇರಿಸಿದೆ. ಗೌಡರು ಅದನ್ನು ಎರಡು ಸಲ ಓದಿಸಿ ಕೇಳಿ, ತೃಪ್ತರಾಗಿ ಸಹಿ ಹಾಕಿ, ಬದು ಒಡೆದೀತೆಂದು ಹೇಳಿ ಗದ್ದೆಯ ಕಡೆಗೆ ಅವಸರದಿಂದ ಹೊರಟರು.