ಐಸ್‌ಬಾಕ್‌ಗೆ ಜೋನಿಬೆಲ್ಲದ ರುಚಿ ಬಂತು, ಇದು ಸರಿನಾ?

ಸಾಗರದವ_ಎರ್ಲಾಂಗನ್:

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ಎರ್ಲಾಂಗನ್‌ಗೆ ಬಂದು ನಾಲ್ಕು ವರ್ಷವಾಯಿತು. ಇಲ್ಲಿನ ಹೆಲ್ಲೆಸ್ (ತಿಳಿ ಬಣ್ಣದ ಮಾಮೂಲಿ ಬಿಯರ್), ಕೆಲ್ಲರ್‌ಬಿಯರ್ ಎಲ್ಲ ನಾಲಿಗೆಗೆ ಒಗ್ಗಿವೆ. ಆದರೆ ಹೋದ ಶನಿವಾರ ಕುಡಿದದ್ದು ಬಿಯರ್ ಹೌದೋ ಅಲ್ಲವೋ ಅನ್ನುವ ಅನುಮಾನ ಇನ್ನೂ ಹೋಗಿಲ್ಲ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರಿಗೆ ಪ್ಲಾಸೆನ್‌ಬುರ್ಗ್ ಕೋಟೆ ತೋರಿಸಲು ಕುಲ್ಮ್‌ಬಾಖ್‌ಗೆ ಕರೆದುಕೊಂಡು ಹೋಗಿದ್ದೆ. (ಅಲ್ಲಿ ತವರದ ಗೊಂಬೆಗಳ ಮ್ಯೂಸಿಯಂ ಇದೆ. ಅಪ್ಪ ಎರಡು ಗಂಟೆ ಹೊರಗೇ ಬರಲಿಲ್ಲ.) ಬರುವಾಗ ಆ ಊರಿನ ಐಸ್‌ಬಾಕ್ ಅನ್ನುವ ಕಡು ಬಿಯರ್ ಎರಡು ಬಾಟಲಿ ತಂದೆ. 330 ಮಿ.ಲೀ. ಚಿಕ್ಕ ಬಾಟಲಿ, 9.2% ಆಲ್ಕೋಹಾಲ್.

ಫ್ರಿಜ್‌ನಿಂದ ತೆಗೆದು ಅರ್ಧ ಲೀಟರ್ ಮಗ್‌ಗೆ ಸುರಿದೆ. ಕಾಫಿ ಡಿಕಾಕ್ಷನ್ ಬಣ್ಣ. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾತ್ರ ದಾಳಿಂಬೆ ಕೆಂಪು. ಒಂದು ಗುಟುಕು ಕುಡಿದೆ, ಕೆಮ್ಮಿನ ಸಿರಪ್! ಸಿಹಿ, ಅಂಟು, ಹಿಂದೆಯೇ ಸ್ವಲ್ಪ ಕಹಿ. ಬೇಡಪ್ಪ ಅಂತ ಪಕ್ಕಕ್ಕಿಟ್ಟು ಅಮ್ಮನಿಗೆ ಅಡುಗೆಮನೆಯಲ್ಲಿ ಸಹಾಯ ಮಾಡಲು ಹೋದೆ. ಮುಕ್ಕಾಲು ಗಂಟೆ ಬಿಟ್ಟು ಬಂದು, ಚೆಲ್ಲುವ ಮೊದಲು ಸುಮ್ನೆ ಒಂದು ಗುಟುಕು ನೋಡಿದೆ. ಬೇರೆಯೇ ಪಾನೀಯ! ಖರ್ಜೂರ, ಒಣದ್ರಾಕ್ಷಿ, ಆಮೇಲೆ ಜೋನಿಬೆಲ್ಲ. ಎದೆಯಲ್ಲಿ ಮೆಲ್ಲಗೆ ಬಿಸಿ.

ಅಪ್ಪ ಕುಡಿಯುವುದಿಲ್ಲ. ಗ್ಲಾಸು ಮೂಸಿ ನೋಡಿ, "ಇದು ಆಲೆಮನೆ ವಾಸನೆ ಅಲ್ವೇನೋ" ಅಂದರು. ಅಲ್ಲಿಂದ ನನಗೆ ತಲೆ ಕೆಟ್ಟಿದೆ. ಇದಕ್ಕೆ ಬೆಲ್ಲ ಹಾಕಿದ್ದಾರಾ? ಲೇಬಲ್‌ನಲ್ಲಿ ಸಕ್ಕರೆಯ ಹೆಸರೇ ಇಲ್ಲ. ಮತ್ತೆ, ಇನ್ನೊಂದು ಬಾಟಲಿಯನ್ನು ಸರಿಯಾಗಿ ಕುಡಿಯುವುದು ಹೇಗೆ? ಜೊತೆಗೆ ಅಮ್ಮ ತಂದ ಕೋಡುಬಳೆ ಇದೆ.

ಮ್ಯೂನಿಕ್_ಮೈಸೂರು:

ಬೆಲ್ಲ ಇಲ್ಲ, ಸಕ್ಕರೆಯೂ ಇಲ್ಲ. ಜರ್ಮನಿಯಲ್ಲಿ ಲಾಗರ್ ಜಾತಿಯ (ತಣ್ಣಗೆ ಹುದುಗಿಸುವ) ಬಿಯರ್‌ಗೆ ಸಕ್ಕರೆ ಹಾಕುವಂತಿಲ್ಲ, ಐಸ್‌ಬಾಕ್ ಕೂಡ ಅದೇ ಜಾತಿ. ಆದರೆ ನಿಮ್ಮಪ್ಪನ ಮೂಗಿಗೆ ನಮಸ್ಕಾರ. ಮೊಳಕೆ ಬರಿಸಿದ ಬಾರ್ಲಿಯನ್ನು ಜಾಸ್ತಿ ಶಾಖದಲ್ಲಿ ಒಣಗಿಸಿದಾಗ ಅದರ ಸಿಹಿ ಅಂಶವೂ ಪ್ರೋಟೀನೂ ಸೇರಿ ಆ ಕಂದು ಬಣ್ಣ, ಆ ಸುಟ್ಟ ಸಿಹಿಯ ವಾಸನೆ ಬರುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಲ್ಲಕ್ಕೆ ಬಣ್ಣ ಬರುವುದರಲ್ಲೂ ಇದರದ್ದೇ ಪಾಲಿದೆ. ನಾನು ಮನೆಯಲ್ಲಿ ಬಾಕ್ (ಐಸ್‌ಬಾಕ್‌ಗೆ ಮೂಲವಾದ ಕಡು ಲಾಗರ್) ಮಾಡುತ್ತೇನೆ. ಮಾಲ್ಟಿನ, ಅಂದರೆ ಆ ಒಣಗಿಸಿದ ಬಾರ್ಲಿಯ, ಗಂಜಿಯಲ್ಲಿ ಒಂದು ಪಾಲು ತೆಗೆದು ಬೇರೆ ಕುದಿಸಿ ವಾಪಸ್ ಸುರಿಯುವ ಹಳೆಯ ಪದ್ಧತಿ ಇದೆ. ಆ ದಿನ ಪಕ್ಕದ ಮನೆಯವರು ಬೇಕರಿ ತೆರೆದಿದ್ದೀರಾ ಅಂತ ಕೇಳುತ್ತಾರೆ.

ಯೀಸ್ಟ್ ತಿನ್ನಲಾಗದ ಸಿಹಿ ಉಳಿದೇ ಉಳಿಯುತ್ತದೆ. ಐಸ್‌ಬಾಕ್‌ನಲ್ಲಿ ಅದರ ಮೇಲೆ ಇನ್ನೊಂದು ಆಟ. ಚಿಕ್ಕಂದಿನಲ್ಲಿ ಐಸ್ ಕ್ಯಾಂಡಿ ಚೀಪಿದ್ದು ನೆನಪಿದೆಯಾ? ಬಣ್ಣ, ಸಿಹಿ ಎಲ್ಲ ಮೊದಲು ಬಾಯಿಗೆ ಬಂದು ಕೈಯಲ್ಲಿ ಬಿಳಿ ಮಂಜು ಉಳಿಯುತ್ತಿತ್ತಲ್ಲ, ಅದೇ. ಬಾಕ್ ಬಿಯರನ್ನು ಹೆಪ್ಪುಗಟ್ಟಿಸಿದರೆ ಮೊದಲು ಗಟ್ಟಿಯಾಗುವುದು ನೀರು. ಆ ಮಂಜನ್ನು ಬೇರೆ ಮಾಡಿದರೆ ಉಳಿದದ್ದರಲ್ಲಿ ಆಲ್ಕೋಹಾಲ್, ಸಿಹಿ, ಕಹಿ ಎಲ್ಲವೂ ಗಟ್ಟಿ.

ಕುಲ್ಮ್‌ಬಾಖ್‌ನವರು ಇದಕ್ಕೊಂದು ಕಥೆ ಹೇಳುತ್ತಾರೆ. 1890ರ ಸುಮಾರಿನ ಒಂದು ಚಳಿಗಾಲ. ಕೆಲಸ ಕಲಿಯುವ ಹುಡುಗ ಸುಸ್ತಾಗಿ ಪೀಪಾಯಿಗಳನ್ನು ಅಂಗಳದಲ್ಲೇ ಬಿಟ್ಟು ಮಲಗಿದನಂತೆ. ಬೆಳಿಗ್ಗೆ ಪೀಪಾಯಿ ಒಡೆದಿತ್ತು, ಮಂಜಿನ ನಡುವೆ ಕಂದು ದ್ರವ. ಯಜಮಾನ ಸಿಟ್ಟಿನಿಂದ ಅದನ್ನು ಹುಡುಗನಿಗೇ ಕುಡಿಸಿದನಂತೆ. ಶಿಕ್ಷೆ ಅಂತೆ! ಕಥೆ ನಿಜವೋ ಸುಳ್ಳೋ, ಇದನ್ನು ಓದಿ ಯಾರೂ ಗಾಜಿನ ಬಾಟಲಿಯನ್ನು ಫ್ರೀಜರ್‌ಗೆ ಇಡಬೇಡಿ. ಒಡೆಯುತ್ತದೆ.

ನಿಮ್ಮ ತಪ್ಪು ಒಂದೇ, ಫ್ರಿಜ್. ಅಷ್ಟು ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ನಾಲಿಗೆಗೆ ಅಂಟು ಸಿಹಿ ಮಾತ್ರ ಸಿಗುತ್ತದೆ. 12 ಡಿಗ್ರಿ ಇರಲಿ. ಬ್ರ್ಯಾಂಡಿ ಗ್ಲಾಸಿನಂಥ ಹೊಟ್ಟೆ ದೊಡ್ಡ, ಬಾಯಿ ಚಿಕ್ಕ ಗ್ಲಾಸು ಹುಡುಕಿ.

ಹೋತ_ಪ್ರಿಯ:

ಬಾಕ್ ಅಂದರೆ ಜರ್ಮನ್‌ನಲ್ಲಿ ಹೋತ. ನಿಜಕ್ಕೂ ಆ ಹೆಸರು ಬಂದದ್ದು ಐನ್‌ಬೆಕ್ ಅನ್ನುವ ಊರಿಂದ, ಬವೇರಿಯದವರ ಬಾಯಲ್ಲಿ ಅದು "ಐನ್ ಬಾಕ್" (ಒಂದು ಹೋತ) ಆಯಿತು. ಆದರೂ ಹೋತ ಅಂದುಕೊಂಡೇ ಕುಡಿಯುವುದು ಕ್ಷೇಮ. ಅದು ಗುದ್ದುವುದು ಎದ್ದು ನಿಂತಾಗ. ಲೆಕ್ಕ ಹಾಕಿ ನೋಡಿ. ನಿಮ್ಮ ಚಿಕ್ಕ ಬಾಟಲಿಯಲ್ಲಿ ಸುಮಾರು 30 ಮಿ.ಲೀ. ಶುದ್ಧ ಆಲ್ಕೋಹಾಲ್ ಇದೆ. ಅರ್ಧ ಲೀಟರ್ ಹೆಲ್ಲೆಸ್‌ನಲ್ಲಿ 25ರ ಆಸುಪಾಸು ಅಷ್ಟೇ.

ಇಷ್ಟು ಸಿಹಿ ಬೇಡ ಅನ್ನಿಸಿದರೆ ಡೊಪ್ಪೆಲ್‌ಬಾಕ್‌ಗೆ (ಹೆಪ್ಪುಗಟ್ಟಿಸದ, "ಡಬಲ್" ಬಾಕ್) ಇಳಿಯಿರಿ. ಪೌಲಾನರ್ ಸಾಲ್ವಾಟರ್ 7.9%. ಮ್ಯೂನಿಕ್‌ನ ಪೌಲಾ ಸನ್ಯಾಸಿಗಳು ಉಪವಾಸದ ದಿನಗಳಲ್ಲಿ ರೊಟ್ಟಿಯ ಬದಲು ಇಂಥದ್ದನ್ನು ಕುಡಿಯುತ್ತಿದ್ದರಂತೆ. ನಮ್ಮಲ್ಲಿ ಏಕಾದಶಿಗೆ ಅವಲಕ್ಕಿ ನಡೆಯುತ್ತದಲ್ಲ, ಹಾಗೆ. ಈ ಸನ್ಯಾಸಿಗಳು ಬಿಯರ್ ಮಾರುತ್ತಾರೆ ಅಂತ ಊರಿನ ಬಿಯರ್ ತಯಾರಕರು 1634ರಲ್ಲೇ ದೂರು ಕೊಟ್ಟಿದ್ದರು! ಆಯಿಂಗರ್ ಸೆಲೆಬ್ರೇಟರ್ ಇನ್ನೂ ಹಗುರ, 6.7%. ಬಾಟಲಿ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಪುಟ್ಟ ಬಿಳಿ ಹೋತ ಕಟ್ಟಿರುತ್ತಾರೆ. ನನ್ನ ಹತ್ತಿರ ಹನ್ನೊಂದು ಇವೆ.

ಬೆಳಗಾವಿ_ಬಾಯಿ:

12 ಡಿಗ್ರಿ ಜಾಸ್ತಿ ಆಯಿತು ಅಂತ ನನ್ನ ಅನಿಸಿಕೆ. 9-10ಕ್ಕೆ ಶುರು ಮಾಡಿ, ಗ್ಲಾಸಿನಲ್ಲೇ ಬೆಚ್ಚಗಾಗಲಿ. ಮೊದಲಿಂದಲೇ ಬೆಚ್ಚಗಿದ್ದರೆ ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯುತ್ತದೆ. ಕೋಡುಬಳೆ ಖಾರ ಇದ್ದರೆ ದಯವಿಟ್ಟು ಬೇಡ ರೀ. ಆಲ್ಕೋಹಾಲ್ ಖಾರವನ್ನು ಇನ್ನೂ ಏರಿಸುತ್ತದೆ. ಹಳೆಯ ಗೌಡಾ ಚೀಸ್ ತಿನ್ನಿ, ಇಲ್ಲವೇ ಉಪ್ಪು ಹಾಕಿ ಹುರಿದ ಶೇಂಗಾ.

ಸಾಗರದವ_ಎರ್ಲಾಂಗನ್:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಎರಡನೆಯ ಬಾಟಲಿ ತೆಗೆದೆ. ಬ್ರ್ಯಾಂಡಿ ಗ್ಲಾಸು ಇಲ್ಲ, ಹೆಂಡತಿಯ ವೈನ್ ಗ್ಲಾಸು ಕದ್ದೆ. ಬಾಟಲಿಯನ್ನು ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗೆ ಇಟ್ಟಿದ್ದೆ. ಬೆಳಗಾವಿಯವರು ಹೇಳಿದ ಕ್ರಮವೇ ಸರಿ ಅನ್ನಿಸಿತು. ಮೊದಲು ಚಾಕಲೇಟಿನ ಹಾಗೆ, ಆಮೇಲೆ ಖರ್ಜೂರ, ಕೊನೆಯ ಗುಟುಕಿಗೆ ಪೂರ್ತಿ ಜೋನಿಬೆಲ್ಲ. ನೂರೈವತ್ತು ಮಿ.ಲೀ. ಮುಗಿಸಲು ಒಂದು ಗಂಟೆ ಹಿಡಿಯಿತು. ಉಳಿದದ್ದು ಹೆಂಡತಿಗೆ ಹೋಯಿತು, ಗ್ಲಾಸಿನ ಬಾಡಿಗೆ ಅಂದಳು. ಮಾತು ಕೇಳದೆ ಒಂದು ಕೋಡುಬಳೆ ತಿಂದೆ. ಕಿವಿಯಲ್ಲಿ ಹೊಗೆ.

ಅಪ್ಪನಿಗೆ ಕಾರಣವನ್ನೆಲ್ಲ ವಿವರಿಸಿದೆ. ಬಾರ್ಲಿ, ಮಂಜು, 1890, ಹುಡುಗ, ಎಲ್ಲ. ಸಾವಧಾನವಾಗಿ ಕೇಳಿದರು. ಖಾಲಿ ಗ್ಲಾಸನ್ನು ಮತ್ತೊಮ್ಮೆ ಮೂಸಿ ಹೇಳಿದ್ದು ಇಷ್ಟೇ: "ಪಾಕ ಒಂಚೂರು ಮುಂದೆ ಹೋಗಿದೆ ಮಾರಾಯ. ಬೇಗ ಇಳಿಸಬೇಕಿತ್ತು."