ಕಾಗಜ್ ಕೆ ಫೂಲ್ ನಿಜವಾಗ್ಲೂ ಅಷ್ಟು ದೊಡ್ಡ ಸಿನಿಮಾನಾ, ಇಲ್ಲಾ ಗುರುದತ್ ಹೋದ್ಮೇಲೆ ದೊಡ್ಡದಾಯ್ತಾ?

ಸೆಕೆಂಡ್_ಶೋ:
ಮೊನ್ನೆ ಕೊನೆಗೂ ಕೂತ್ಕೊಂಡು, ಗುರುದತ್ ಡೈರೆಕ್ಟ್ ಮಾಡಿ ತಾವೇ ಹೀರೋ ಆಗಿರೋ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ (1959) ಪೂರ್ತಿ ನೋಡ್ದೆ. ಅವರದ್ದೇ ಪ್ಯಾಸಾ ಅಂದ್ರೆ ನಂಗೆ ಪ್ರಾಣ, ಅದೇ ಜೋಶಲ್ಲಿ ಇದಕ್ಕೆ ಕೂತ್ರೆ ಅರ್ಧ ಆದ್ಮೇಲೆ ಯಾಕೋ ಎಳೀತಾ ಇದೆ ಅನ್ನಿಸ್ತು. ಡೈರೆಕ್ಟರ್ ಸುರೇಶ್ ಸಿನ್ಹಾ, ಹೆಂಡ್ತಿ ದೂರ ಆಗಿದಾಳೆ, ಮಗಳು ಬೋರ್ಡಿಂಗ್ ಸ್ಕೂಲಲ್ಲಿ, ಯಾರೋ ಗೊತ್ತಿಲ್ಲದ ಹುಡುಗಿ ಶಾಂತಿನ ಕರ್ಕೊಂಬಂದು ತಾನು ತೆಗೀತಿರೋ ದೇವದಾಸ್ ಸಿನಿಮಾಗೆ ಹೀರೋಯಿನ್ ಮಾಡ್ತಾನೆ, ಇಲ್ಲೀವರೆಗೂ ಸಖತ್. ಆಮೇಲೆ ಕುಡಿಯೋದು, ಬೀಳೋದು, ಮತ್ತೆ ಕುಡಿಯೋದು. ಮಧ್ಯೆ ಜಾನಿ ವಾಕರ್ ಕಾಮಿಡಿ ಬೇರೆ, ಅದನ್ನ ಕತ್ತರಿಸಿ ಬಿಸಾಕಿದ್ರೂ ಕಥೆಗೆ ಏನೂ ಆಗಲ್ಲ. ರಿಲೀಸ್ ಆದಾಗ ಮಕಾಡೆ ಮಲಗಿದ ಸಿನಿಮಾ ಈಗ ಕ್ಲಾಸಿಕ್ ಅಂತ ಎಲ್ರೂ ಕೈ ಮುಗೀತಾರೆ. 1964ರಲ್ಲಿ ಆ ಮನುಷ್ಯ 39ಕ್ಕೇ ಹೋಗ್ಬಿಟ್ರಲ್ಲ, ಆ ಸಾವಿನ ತೂಕನೇ ಸಿನಿಮಾ ಮೇಲೆ ಕೂತಿದೆಯೇನೋ ಅಂತ ಡೌಟು. ಬೈಬೇಡಿ, ಸೀರಿಯಸ್ಸಾಗೇ ಕೇಳ್ತಿದೀನಿ.

ಎಂಟನೇ_ರೀಲು:
ಎಳೆಯುತ್ತೆ, ಅದು ನಿಜ. ಆದ್ರೆ ನೀವು ಕಥೆ ಮಾತ್ರ ನೋಡಿದೀರ ಅನ್ಸತ್ತೆ, ಈ ಸಿನಿಮಾದಲ್ಲಿ ಅರ್ಧ ಕಥೆ ಹೇಳೋದು ಬೆಳಕು. ಕ್ಯಾಮೆರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ‘ವಕ್ತ್ ನೇ ಕಿಯಾ’ ಹಾಡಲ್ಲಿ ಖಾಲಿ ಸ್ಟುಡಿಯೋ ಒಳಗೆ ಮೇಲಿಂದ ಕೋಲು ಥರ ಬೆಳಕು ಬೀಳುತ್ತಲ್ಲ, ಅದು ಲೈಟ್ ಅಲ್ಲ ಸ್ವಾಮಿ, ಬಿಸಿಲು. ಹೊರಗಡೆ ಒಂದು ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನ ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಗೆ ಹೊಡ್ಸಿ ಅಲ್ಲಿಂದ ಕೆಳಗೆ ಇಳ್ಸಿದಾರೆ. ಹಾಡಿಗೆ ಸುರೇಶ್, ಶಾಂತಿ ಇಬ್ರೂ ತುಟಿ ಅಲ್ಲಾಡ್ಸಲ್ಲ, ಮುಟ್ಟೋದೂ ಇಲ್ಲ, ಸುಮ್ನೆ ದೂರ ದೂರ ನಿಂತಿರ್ತಾರೆ, ಮಧ್ಯೆ ಅಷ್ಟೊಂದು ಖಾಲಿ ಜಾಗ. ಆ ಖಾಲಿ ಜಾಗ ತೋರ್ಸಕ್ಕೇ ಸಿನಿಮಾಸ್ಕೋಪ್, ಅಂದ್ರೆ ಆ ಅಗಲವಾದ ಪರದೆ, ಬೇಕಿತ್ತು, ಇಂಡಿಯಾದಲ್ಲಿ ಮೊದಲ ಸಿನಿಮಾಸ್ಕೋಪ್ ಚಿತ್ರ ಇದೇ. ಬೇರೆಯವರಾಗಿದ್ರೆ ಆ ಅಗಲಕ್ಕೆ ಆನೆ ಕುದುರೆ ಜನ ಎಲ್ಲಾ ತುಂಬ್ಸಿರೋರು. ಪಿಕ್ಚರ್ ಓಡದೇ ಇದ್ರೂ ಮೂರ್ತಿಗೆ ಫಿಲ್ಮ್‌ಫೇರ್ ಬಂತು, ಅಂದ್ರೆ ಗುರುದತ್ ಬದುಕಿದ್ದಾಗ್ಲೇ ಕಣ್ಣಿದ್ದೋರು ಗುರುತಿಸಿದ್ರು. ಫೋನಲ್ಲಿ ನೋಡಿದ್ರೆ ಇದ್ಯಾವ್ದೂ ಕಾಣಲ್ಲ, ಅದೂ ಒಂದು.

ಹಳೇಪೋಸ್ಟರ್:
ಗುರುದತ್ ಹುಟ್ಟಿದ್ದೂ ಬೆಂಗಳೂರಲ್ಲೇ, 1925. ಪಡುಕೋಣೆ ಮನೆತನ. ಮೂರ್ತಿಯವರು ಕ್ಯಾಮೆರಾ ಕಲ್ತಿದ್ದೂ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ಕಲ್ಲಿ. ಸುಮ್ನೆ ಹೇಳ್ದೆ 😄

ನಿಧಾನಿ:
ಹೆಮ್ಮೆ ಪಡೋಣ, ಆದ್ರೆ ಗುರುದತ್ ಬೆಳೆದಿದ್ದು ಕಲ್ಕತ್ತಾದಲ್ಲಿ, ಮನೆಮಾತು ಕೊಂಕಣಿ, ಪೂರ್ತಿ ನಮ್ಮ ಬುಟ್ಟಿಗೆ ಹಾಕ್ಕೊಳಕ್ಕಾಗಲ್ಲ.

ಸೆಕೆಂಡ್_ಶೋ ಅವ್ರ ಪ್ರಶ್ನೆಗೆ ಬರ್ತೀನಿ. ಸಾವಿಂದ ಹೆಸರು ಬಂತು ಅನ್ನೋದ್ರಲ್ಲಿ ಒಂದಿಷ್ಟು ನಿಜ ಇದೆ. ಆದ್ರೆ ಜನ ಇದನ್ನ ಗುರುದತ್ ಆತ್ಮಕಥೆ ಅಂತ ಓದ್ತಾರಲ್ಲ, ಅಲ್ಲೇ ನಂಗೆ ತಕರಾರು. ಇದನ್ನ ಮಾಡೋ ಹೊತ್ತಿಗೆ ಅವರು ಸೋತಿರ್ಲಿಲ್ಲ ರೀ, 1957ರ ಪ್ಯಾಸಾ ಚೆನ್ನಾಗೇ ಓಡಿತ್ತು, ಕೈಯಲ್ಲಿ ಸ್ವಂತ ಕಂಪನಿ, ಜೊತೆಗೆ ಬರವಣಿಗೆಗೆ ಅಬ್ರಾರ್ ಅಲ್ವಿ, ಸಂಗೀತಕ್ಕೆ ಎಸ್.ಡಿ. ಬರ್ಮನ್ ಅಂಥೋರು. ಗೆದ್ದಿರೋನು ಕೂತು ಸೋಲೋ ಡೈರೆಕ್ಟರ್ ಕಥೆ ಮಾಡಿದ್ದು, ಆಮೇಲೆ ಆ ಸಿನಿಮಾನೇ ಸೋತಿದ್ದು. ನಾವು ಮಾತ್ರ 1964ರಿಂದ ಹಿಂದಕ್ಕೆ ಓದ್ಕೊಂಡು ಬರ್ತೀವಿ. ಇನ್ನೊಂದು, ‘ಈ ಫ್ಲಾಪ್ ಅವರನ್ನ ಮುಗಿಸ್ತು’ ಅಂತಾರೆ, ಅದೂ ಅರ್ಧಂಬರ್ಧ. ಮುಂದಿನ ವರ್ಷವೇ ಅವರ ಕಂಪನಿಯ ಚೌದ್ವೀ ಕಾ ಚಾಂದ್ ಭರ್ಜರಿ ಹಿಟ್ಟು. ಆದ್ರೆ ನಿರ್ದೇಶನ ಅಂತ ತಮ್ಮ ಹೆಸರು ಮತ್ತೆ ಯಾವತ್ತೂ ಹಾಕ್ಕೊಳ್ಳಿಲ್ಲ, ಅದು ನಿಜ.

ಆವಾಗ ಜನ ಯಾಕೆ ಒಪ್ಪಲಿಲ್ಲ ಅಂದ್ರೆ, ಪ್ಯಾಸಾದಲ್ಲಿ ಹೀರೋ ವಿಜಯ್ ಲೋಕಕ್ಕೆ ಛೀ ಅಂದು ಹೊರಟ್ರೂ ಅವನನ್ನ ಪ್ರೀತಿಸೋ ಗುಲಾಬೋ ಜೊತೆಗಿರ್ತಾಳೆ. ಇಲ್ಲಿ ಸುರೇಶ್‌ಗೆ ಯಾರೂ ಇಲ್ಲ, ತಾನೇ ಮೆರೆದಿದ್ದ ಸ್ಟುಡಿಯೋಗೆ ಎಕ್ಸ್‌ಟ್ರಾ ಆಗಿ ಬರ್ತಾನೆ, ಶಾಂತಿ ಗುರುತು ಹಿಡಿದು ಹಿಂದೆ ಓಡಿದ್ರೆ ಫ್ಯಾನ್ಸು ಅವಳನ್ನ ಸುತ್ತಾಕ್ಕೊಂಡು ಬಿಡಲ್ಲ. ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ‘ಇವನನ್ನ ಮರೆತೋನು ನೀನೇ’ ಅಂತ ಹೇಳಿದ್ರೆ ಯಾರು ಎರಡನೇ ಸಲ ಬರ್ತಾರೆ ಹೇಳಿ.

ಸೆಕೆಂಡ್_ಶೋ:
ಫ್ಯಾನ್ಸ್ ಸೀನ್ ಬಗ್ಗೆ ಹೀಗೆ ಯೋಚ್ನೆ ಮಾಡಿರ್ಲಿಲ್ಲ, ಥ್ಯಾಂಕ್ಸ್. ಬೆಳಕೆಲ್ಲಾ ಸರಿ, ಆದ್ರೂ ಮಗಳು ಪಮ್ಮಿ ಬಂದು ಕೇಳ್ಕೊಂಡ ತಕ್ಷಣ ಶಾಂತಿ ಎಲ್ಲಾ ಬಿಟ್ಟು ಹಳ್ಳಿಗೆ ಟೀಚರ್ ಆಗಿ ಹೋಗೋದು ನಂಗೆ ಈಗ್ಲೂ ಒಪ್ಪಿಗೆ ಇಲ್ಲ. ಅಷ್ಟು ಗಟ್ಟಿ ಪಾತ್ರಾನ ಸ್ಕ್ರಿಪ್ಟು ತನಗೆ ಬೇಕಾದಾಗ ಎತ್ತಿ ಪಕ್ಕಕ್ಕಿಡತ್ತೆ. ಜಾನಿ ವಾಕರ್ ಬಗ್ಗೆ ಯಾರೂ ಉಸಿರೇ ಎತ್ತಿಲ್ಲ, ನೋಡ್ಕೊಂಡೆ.

ಎಂಟನೇ_ರೀಲು:
ಜಾನಿ ವಾಕರ್ ವಿಷ್ಯದಲ್ಲಿ ನಿಮ್ಮ ಕಡೆನೇ 😂 ಪಮ್ಮಿ ವಿಷ್ಯದಲ್ಲೂ ಸುಮಾರಾಗಿ. ಕಥೆ ಬಿಗಿಯಾಗಿ ಬೇಕು ಅಂದ್ರೆ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ನೋಡಿ, ಡೈರೆಕ್ಷನ್ ಅಬ್ರಾರ್ ಅಲ್ವಿ ಹೆಸರಲ್ಲಿದೆ, ಕ್ಯಾಮೆರಾ ಮತ್ತೆ ಮೂರ್ತಿನೇ. ಮೀನಾ ಕುಮಾರಿ ಮುಖ ಮೊದಲ ಸಲ ತೋರ್ಸೋಕೆ ಎಷ್ಟು ಹೊತ್ತು ಸತಾಯಿಸ್ತಾರೆ ಅಂತ ಗಮನಿಸಿ, ಆಮೇಲೆ ಬಂದು ಜಗಳ ಆಡೋಣ.